ಒಳಗಿನಿಂದಲೂ ತೆರೆಯದ ಬೀಗ

ಮಾರ್ಚ್ 3, ಸೋಮವಾರ. ಸಂಜೆ 7

ಇವತ್ತು ಒಂಬತ್ತು ಬಾಗಿಲು. ಅಲ್ಲಿಗೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಇಪ್ಪತ್ತೇಳು ಕೋಣೆಗೂ ಬೆರಳಚ್ಚಿನ ಬೀಗ ಕೂರಿಸಿ ಮುಗಿಯಿತು. ಮರದ ಪುಡಿ ಇನ್ನೂ ಕಿವಿಯೊಳಗಿದೆ. ಹಡಗಿನಲ್ಲಿ ಬಂದ ಅಗ್ಗದ ಮಾಲು, ನೋಡಲು ಮಾತ್ರ ಥಳಥಳ. ಡಬ್ಬದ ಮೇಲೆ ಸುರಕ್ಷತೆಯ ಮುದ್ರೆ, ಕೆಳಗೆ ‘ಬೆಂಕಿ ಬಿದ್ದರೆ ತಾನಾಗಿ ತೆರೆಯುತ್ತದೆ’ ಎಂಬ ಭರವಸೆ. ಅಂಗಡಿ ಭಾವನದು, ಸ್ಕ್ರೂಡ್ರೈವರ್ ನನ್ನದು. ‘ಪರೀಕ್ಷಿಸಿದ್ದೇನೆ’ ಎಂಬ ಫಾರಂ ಭಾವ ಮುಂದೆ ಹಿಡಿದರು. ಸಹಿ ಹಾಕಿದೆ. ಪರೀಕ್ಷೆ ಎಂದರೇನು... ಬೆರಳಿಟ್ಟಾಗ ಟುಂಯ್ ಎಂದಿತು. ಅಷ್ಟೇ.

ಮಾರ್ಚ್ 11, ಮಂಗಳವಾರ. ಮಧ್ಯಾಹ್ನ 3

ಬೆಳಿಗ್ಗೆ ವಾರ್ಡನ್ ಮೇಡಂ ಫೋನ್ — ಹದಿನಾಲ್ಕನೇ ಕೋಣೆ ತೆರೆಯುತ್ತಿಲ್ಲ, ಹುಡುಗಿ ಒಳಗಿದ್ದಾಳೆ. ಓಡಿದೆ. ಬೀಗ ಕಾದ ಹಂಚಿನ ಹಾಗೆ. ಬಾಗಿಲ ಸಂದಿನಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ. ಕಿಟಕಿಗೆ ಕಬ್ಬಿಣದ ಸರಳು.

“ಅಣ್ಣಾ, ಹೊಗೆ ಬರ್ತಿದೆ. ಬೇಗ ಅಣ್ಣಾ!”

“ಕಿಟಕಿ ಹತ್ರ ಹೋಗಮ್ಮ. ಬಟ್ಟೆ ಒದ್ದೆ ಮಾಡಿ ಮೂಗಿಗೆ ಹಿಡ್ಕೋ. ಎರಡೇ ನಿಮಿಷ.”

ಎರಡಲ್ಲ, ಹತ್ತೊಂಬತ್ತು. ಕಬ್ಬಿಣ ಕತ್ತರಿಸುವ ಗ್ರೈಂಡರ್ ಹಿಡಿದು ಬೀಗದ ನಾಲಗೆ ಕೊಯ್ದೆ. ಕೆಮ್ಮುತ್ತ ಹೊರಬಂದಳು. ಬಲ ಅಂಗೈ ತುಂಬ ಬೊಬ್ಬೆ. ಸುಡುತ್ತಿದ್ದ ಹಿಡಿಯನ್ನೇ ತಿರುಗಿಸುತ್ತಿದ್ದಳಂತೆ. ಬೈಯಲಿಲ್ಲ. ನೀರು ಕೇಳಿದಳು. ಟೈಲರ್ ಅಂಗಡಿಯಲ್ಲಿ ಹೊಲಿಯುವ ಹುಡುಗಿ. ಹೊಲಿಯುವ ಕೈ ಅದು.

ಅದೇ ದಿನ. ಸಂಜೆ 6

ಕೊಯ್ದ ಬೀಗವನ್ನು ಅಂಗಡಿಗೆ ತಂದು ಬಿಚ್ಚಿದೆ. ಬ್ಯಾಟರಿ ಉಬ್ಬಿ ಒಡೆದಿದೆ. ತಂತಿ ಕೂದಲೆಳೆಯಷ್ಟು. ಬೆಂಕಿ ಬಿದ್ದರೆ ತೆರೆಯುವ ಭಾಗ? ಇಲ್ಲ. ಇಲ್ಲವೇ ಇಲ್ಲ! ಅದಿರಬೇಕಾದಲ್ಲಿ ಖಾಲಿ ಗುಳಿ. ಮುದ್ರೆಯನ್ನು ಉಗುರಿನಿಂದ ಕೆರೆದೆ, ಸಿಪ್ಪೆಯ ಹಾಗೆ ಎದ್ದು ಬಂತು. ಗೋದಾಮಿನಲ್ಲಿ ಹುಡುಕಿದರೆ ಅದೇ ಸ್ಟಿಕರಿನ ದಪ್ಪ ಸುರುಳಿ. ಅಂದರೆ ಅಂಟಿಸಿದ್ದು ಎಲ್ಲೋ ದೂರದವರಲ್ಲ, ನಾವು.

“ಇದೇನು ಭಾವ?”

“ಎಲ್ಲರೂ ಅಂಟಿಸ್ತಾರೆ ಕಣೋ. ಒಂದು ಪೀಸ್ ಕೆಟ್ಟಿದೆ, ಬೇರೆ ಹಾಕ್ಕೊಟ್ಟು ಬಾ.”

“ಹುಡುಗಿ ಸತ್ತೋಗ್ತಿದ್ಲು ಭಾವ!”

“ಸತ್ತಿಲ್ವಲ್ಲ? ಬಾಯಿಗೆ ಬೀಗ ಹಾಕ್ಕೊಂಡಿರು. ಫಾರಂ ಮೇಲೆ ಸಹಿ ಯಾರದು, ನೆನಪಿದೆ ತಾನೆ?”

ಸತ್ತಿಲ್ವಲ್ಲ! ಹೀಗಂದು ಹಲ್ಲುಕಡ್ಡಿ ಹುಡುಕಿದರು. ಮೈಯೆಲ್ಲ ಉರಿಯುತ್ತಿದೆ. ನನ್ನ ಅಕ್ಕನ ಗಂಡ ಎಂದು ಸುಮ್ಮನೆ ಎದ್ದು ಬಂದೆ. ಅಥವಾ ಸಹಿಯ ಮಾತಿಗೆ ಹೆದರಿದೆನೋ...

ಮಾರ್ಚ್ 12

ಏನೂ ಮಾಡಲಿಲ್ಲ. ಹೇಡಿ.

ಮಾರ್ಚ್ 15, ಶನಿವಾರ. ಸಂಜೆ 7

ಕೊನೆಗೂ ಹಾಸ್ಟೆಲ್ಲಿಗೆ ಹೋದೆ. ಬಿಚ್ಚಿದ ಬೀಗ, ಸ್ಟಿಕರಿನ ಸುರುಳಿ, ಎರಡನ್ನೂ ವಾರ್ಡನ್ ಮೇಡಂ ಮೇಜಿನ ಮೇಲಿಟ್ಟೆ. ಪರೀಕ್ಷಿಸದೆ ಸಹಿ ಹಾಕಿದ್ದನ್ನೂ ಹೇಳಿಬಿಟ್ಟೆ. ಭೇಷ್ ಎನ್ನುತ್ತಾರೆಂಬ ಆಸೆ ಒಳಗೆಲ್ಲೋ ಇತ್ತು. ನಾಚಿಕೆಗೇಡು.

“ಇದು ಗೊತ್ತಾಗಿದ್ದು ಯಾವತ್ತು?”

“ಮಂಗಳವಾರ ಮೇಡಂ.”

“ನಾಲ್ಕು ದಿನ ಏನ್ಮಾಡ್ತಿದ್ರಿ? ಇಪ್ಪತ್ತಾರು ಹೆಣ್ಣುಮಕ್ಕಳು ಅದೇ ಬಾಗಿಲು ಹಾಕ್ಕೊಂಡು ಮಲಗಿದ್ರಲ್ರೀ!”

ಇಷ್ಟು ದಿನ ಭಾವನನ್ನು ಮನಸ್ಸಿನಲ್ಲೇ ಸಾವಿರ ಸಲ ಬೈದಿದ್ದೆ. ಒಂದು ಫೋನ್ ಮಾಡಿರಲಿಲ್ಲ.

ಮಧ್ಯಾಹ್ನದೊಳಗೆ ಇಪ್ಪತ್ತಾರನ್ನೂ ಕಿತ್ತೆ. ಹುಡುಗಿಯರು ಸ್ಟೂಲ್ ಹಿಡಿದರು. ಕಬ್ಬಿಣದ ಚಿಲಕ ತಂದು ಕೂರಿಸಿದೆ. ಹದಿನಾಲ್ಕನೇ ಕೋಣೆಯವಳು ಬ್ಯಾಂಡೇಜಿನ ಕೈ ಎದೆಗವಚಿಕೊಂಡು, ಎಡಗೈಯಲ್ಲಿ ಸ್ಕ್ರೂ ಹೆಕ್ಕಿ ಕೊಡುತ್ತಿದ್ದಳು. “ಇನ್ನೊಂದ್ಸಲ ಎಳೆದು ನೋಡಿ ಅಣ್ಣಾ,” ಎಂದಳು, ಪ್ರತಿ ಬಾಗಿಲಿಗೂ. ಎಳೆದು ನೋಡಿದೆ, ಪ್ರತಿ ಬಾಗಿಲನ್ನೂ.

ಮೇಡಂ ದೂರು ಬರೆದರು. ಓದಿ ಸಹಿ ಹಾಕಿದೆ. ಭಾವನ ಮಿಸ್ಡ್ ಕಾಲ್ ಹನ್ನೊಂದು.

ಮಾರ್ಚ್ 16, ಭಾನುವಾರ. ಬೆಳಿಗ್ಗೆ 8

ಬಾಗಿಲಲ್ಲಿ ಅಕ್ಕ. ಉಗಿಯಲು ಬಂದಿದ್ದಾಳೆ ಎಂದುಕೊಂಡೆ. ಉಗಿದಳು ಕೂಡ — “ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿನಗೆ? ಆ ಸ್ಟಿಕರ್ ಮಾಲಿನ ಜೊತೆ ಬಂದಿದ್ದು ಅಂತ ನಂಬ್ಕೊಂಡಿದ್ನಲ್ಲೋ ನಾನು!” ಆಮೇಲೆ ಬ್ಯಾಗಿನಿಂದ ಮಡಚಿದ ಹಾಳೆ ತೆಗೆದಳು. ಅಂಗಡಿಯ ಆರ್ಡರ್ ಬರೆದುಕೊಳ್ಳುವುದು ಅವಳೇ. ಈ ಬೀಗ ಹೋದ ವಿಳಾಸಗಳೆಲ್ಲ ಅದರಲ್ಲಿವೆ. ನಲವತ್ತೊಂದು. ಕೆಲವಕ್ಕೆ ಅವಳಾಗಲೇ ಫೋನ್ ಮಾಡಿ ಟಿಕ್ ಹಾಕಿದ್ದಾಳೆ.

“ಭಾವನಿಗೆ ಗೊತ್ತಾ ಅಕ್ಕಾ?”

“ಅವರೆದುರಿಗೇ ಬರ್ಕೊಂಡು ಬಂದೆ. ಚಪ್ಪಲಿ ಹಾಕ್ಕೋ ನೀನು.”

ಟಿಕ್ ಇಲ್ಲದವುಗಳಲ್ಲಿ ಮೊದಲನೆಯದು ಮಕ್ಕಳ ಆಸ್ಪತ್ರೆ. ಎರಡನೇ ಮಹಡಿ, ಆರು ಬಾಗಿಲು. ಅಲ್ಲೂ ನನ್ನದೇ ಸಹಿ. ಆಸ್ಪತ್ರೆಯ ಫೋನ್ ರಿಂಗಾಗುತ್ತಿದೆ, ಅಲ್ಲಿ ಯಾರೂ ಎತ್ತುತ್ತಿಲ್ಲ. ಅಕ್ಕ ಆಗಲೇ ಕೆಳಗಿಳಿದು ಆಟೋ ನಿಲ್ಲಿಸಿದ್ದಾಳೆ. ಗ್ರೈಂಡರ್ ತಗೋ ಎಂದು ಕೂಗುತ್ತಿದ್ದಾಳೆ. ಉಳಿದದ್ದು ಬಂದಮೇಲೆ ಬರೆ —