ಶೀಶೆಯ ನೀರು

ಹಬ್ಬುವಾಡ, ಕಾರವಾರ
೧೮ ಜೂನ್ ೧೯೩೬

ತೀರ್ಥರೂಪ ಅಪ್ಪನಿಗೆ ಬೀರಣ್ಣನ ನಮಸ್ಕಾರ.

ರಸಾಯನಶಾಸ್ತ್ರದ ಮಾಸ್ತರರು ಊರಿನ ನೀರು ತರಲು ಹೇಳಿದ್ದಕ್ಕೆ ನಮ್ಮ ಗಜನಿ ಗದ್ದೆಯ ನೀರು ಕೇಳಿದ್ದೆ. ಊರಿನಿಂದ ಬಂದ ತಿಮ್ಮ ನೀವು ಕೊಟ್ಟ ಶೀಶೆ ಮುಟ್ಟಿಸಿದ. "ಉಪ್ಪು ಹೋಗಿ ನೀರು ಸೀ ಆಯ್ತು, ಸೋಮಾರ ಬಿತ್ತೂದೇ" ಎಂದು ನೀವು ಹೇಳಿದ್ದನ್ನೂ ತಿಳಿಸಿದ.

ಪ್ರಯೋಗಶಾಲೆಯಲ್ಲಿ ನೀರಿನ ಉಪ್ಪನ್ನು ತೋರಿಸುವ ಸಿಲ್ವರ್ ನೈಟ್ರೇಟ್ ಎಂಬ ಔಷಧ ಹನಿಸಿದಾಗ ಇಲ್ಲಿಯ ಬಾವಿಯ ನೀರು ತುಸು ಮಸುಕಾಯಿತು. ನಮ್ಮ ಗದ್ದೆಯ ನೀರು ಒಡೆದ ಹಾಲಿನಂತಾಯಿತು. ಬೇಸಿಗೆಯಲ್ಲಿ ಗಜನಿಗೆ ನುಗ್ಗಿದ ಕಡಲಿನ ಉಪ್ಪನ್ನು ಮಳೆ ಇನ್ನೂ ತೊಳೆದಿಲ್ಲ ಎಂದರ್ಥ. ಆ ಔಷಧ ತಾಗಿ ನನ್ನ ಬೆರಳುಗಳು ಕಪ್ಪಾಗಿವೆ, ನೋವಿಲ್ಲ.

ಇಷ್ಟು ವರ್ಷ ನಿಮ್ಮ ನಾಲಿಗೆ ತಪ್ಪಿದ್ದಿಲ್ಲ. ನೀವು ರುಚಿ ನೋಡಿದ ಮೇಲೆಯೇ ಊರಿನವರೂ ಬಿತ್ತುತ್ತಾರೆ. ಆದರೆ ಚಳಿಜ್ವರ ಬಿಟ್ಟ ಮೇಲೆ ನೀವು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿಕೊಳ್ಳುವುದನ್ನು ರಜೆಯಲ್ಲಿ ನೋಡಿದ್ದೆ. ಈ ಸಲ ತಂಗಿ ಶಂಕರಿ ರುಚಿ ನೋಡಲಿ. ಬಿತ್ತುವ ದಿನವನ್ನು ಊರಿಗೆ ನೀವೇ ಹೇಳಿ.

ಪ್ರಯೋಗಶಾಲೆಯಲ್ಲಿ ಏನನ್ನಾದರೂ ಬಾಯಿಗೆ ಹಚ್ಚಿದರೆ ಮಾಸ್ತರರು ಹೊರಗೆ ಹಾಕುತ್ತಾರೆ. ಆದರೂ ಔಷಧದ ಮಾತನ್ನು ನೀವು ನಂಬಲಿಕ್ಕಿಲ್ಲವೆಂದು, ನೀವು ಕಲಿಸಿದಂತೆ ಶೀಶೆಯಲ್ಲಿ ಉಳಿದ ನೀರನ್ನು ನಾಲಿಗೆಯ ತುದಿಗೆ ಹಚ್ಚಿ ನೋಡಿದೆ. ಉಪ್ಪಿದೆ, ಅಪ್ಪ.

ನಿಮ್ಮ ಮಗ,
ಬೀರಣ್ಣ