ಹಿಂದಿನ ಕಿಟಕಿಯ ಪಾರ್ಸೆಲ್

ಸರ್ಕಾರಿ ಆಸ್ಪತ್ರೆ, ಮೊದಲ ಮಹಡಿಯ ಬೆಂಚು
ಶನಿವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡಿ. ನಾನೂ ಪುಟ್ಟಿಯೂ ಚೆನ್ನಾಗಿದ್ದೇವೆ. ನಿಮ್ಮ ಕೆಮ್ಮು ಹೇಗಿದೆ? ಸುರಂಗದ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಹೋದ ಸಲವೂ ಬರೆದಿದ್ದೆ. ಕಟ್ಟಿಕೊಂಡಿರುವುದಿಲ್ಲ, ನನಗೆ ಗೊತ್ತು. ಪುಟ್ಟಿಯ ಮುಂದಿನ ಹಲ್ಲು ಬಿದ್ದಿದೆ. ನಗುವಾಗ ಬಾಯಿ ಮುಚ್ಚಿಕೊಳ್ಳುತ್ತಾಳೆ, ಜಗಳವಾಡುವಾಗ ಮರೆತುಬಿಡುತ್ತಾಳೆ. ಮೂರು ದಿನದಿಂದ ಅವಳು ನಮ್ಮ ಹೋಟೆಲಿನ ಅಡುಗೆಯಕ್ಕನ ಮನೆಯಲ್ಲಿದ್ದಾಳೆ, ಹೋಟೆಲು ಮುಚ್ಚಿದೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಾರದಿತ್ತೆ ಎನ್ನುತ್ತೀರಿ. ನಿಮ್ಮ ಕ್ಯಾಂಪಿನಿಂದ ಫೋನು ಬರುವುದು ತಿಂಗಳಿಗೊಮ್ಮೆ. ಬಂದರೂ, ಮಾವನವರ ಸುದ್ದಿ ಎತ್ತಿದರೆ ಪಟ್ಟನೆ ಇಟ್ಟುಬಿಡುತ್ತೀರಿ. ಕಾಗದವಾದರೆ ಹರಿದು ಹಾಕುವ ಮೊದಲು ನಾಲ್ಕು ಸಾಲಾದರೂ ಕಣ್ಣಿಗೆ ಬೀಳುತ್ತವೆ. ಹೌದು, ಒಳಗೆ ಮಲಗಿರುವವರು ನಿಮ್ಮ ಅಪ್ಪ. ದಯವಿಟ್ಟು ಪೂರ್ತಿ ಓದಿ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಎರಡು ವರ್ಷದಿಂದ ನಿಮಗೆ ತಿಳಿಸದೆ ಅವರಿಗೆ ಊಟ ಕೊಡುತ್ತಿದ್ದೆ. ಅತ್ತೆ ತೀರಿಕೊಂಡ ದಿನ ನೀವು ಮಾವನವರಿಗೆ "ಅಮ್ಮನ್ನ ಸಾಯಿಸಿದ್ದು ನೀನೇ" ಅಂದಿರಿ. ಅವರು "ಇನ್ನು ಈ ಮನೆ ಪಾತ್ರೇಲಿ ನೀರೂ ಮುಟ್ಟಲ್ಲ" ಅಂದು ಒಂದು ಚೀಲ ಹಿಡಿದು ಹೊರಟರು. ಅಪ್ಪ ಮಗ ಇಬ್ಬರೂ ಒಂದೇ ಅಚ್ಚು, ನಡುವೆ ಸಿಕ್ಕಿಕೊಂಡವಳು ನಾನು. ಅವರು ದೂರವೇನೂ ಹೋಗಲಿಲ್ಲ. ನಮ್ಮ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ, ಸೈಕಲ್ ಅಂಗಡಿಯ ಮೇಲಿನ ಕೋಣೆ ಹಿಡಿದರು. ಮನೆ ಬಿಟ್ಟು ಎರಡು ವಾರವಾಗಿರಬೇಕು, ಒಂದು ಮಧ್ಯಾಹ್ನ ಹನ್ನೆರಡೂವರೆಗೆ ಪಾರ್ಸೆಲ್ ಕೊಡುವ ಹಿಂದಿನ ಕಿಟಕಿಯ ಸಾಲಿನಲ್ಲಿ ಎಲ್ಲರಂತೆ ನಿಂತಿದ್ದರು. ನನ್ನ ಮುಖ ನೋಡಲಿಲ್ಲ. ನಾನೂ ಮಾತಾಡಿಸಲಿಲ್ಲ. ಬಾಯಲ್ಲಿ ಉಳಿದಿದ್ದದ್ದು ಮೂರು ಹಲ್ಲು, ಹಾಗಾಗಿ ಗಂಜಿ, ಮೆತ್ತಗೆ ಬೇಯಿಸಿದ ತರಕಾರಿ. ಥರ್ಮೊಕೋಲ್ ಡಬ್ಬಿಯಲ್ಲಿ ತುಂಬಿ ಕಿಟಕಿಯ ಕಟ್ಟೆಯ ಮೇಲಿಟ್ಟು, ನಾನು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಅವರು ಚಿಲ್ಲರೆ ಇಟ್ಟು ತೆಗೆದುಕೊಂಡು ಹೋಗುತ್ತಿದ್ದರು. ಆ ಡಬ್ಬಿ ನಮ್ಮ ಮನೆಯ ಪಾತ್ರೆಯಲ್ಲ ನೋಡಿ. ಯಾರ ಮನೆಯದೂ ಅಲ್ಲ. ತೊಳೆದು ವಾಪಸು ತರಬೇಕಿಲ್ಲ, ಅದಕ್ಕಾಗಿ ಬಾಗಿಲಿಗೆ ಬರಬೇಕಿಲ್ಲ. ಅವರ ಹಟವೂ ಉಳಿಯುತ್ತಿತ್ತು, ಹೊಟ್ಟೆಯೂ ತುಂಬುತ್ತಿತ್ತು.

ಈ ತಿಂಗಳ ಒಂದನೇ ತಾರೀಖಿನಿಂದ ಹೋಟೆಲುಗಳಲ್ಲಿ ಥರ್ಮೊಕೋಲ್ ಡಬ್ಬಿ ಕೊಡಕೂಡದು ಎಂದು ನಗರಸಭೆ ಆದೇಶ ಮಾಡಿತು. ಆದೇಶವನ್ನು ಬೈಯಲು ನನಗೆ ಬಾಯಿಲ್ಲ. ಹೋದ ವರ್ಷ ಗಲ್ಲಿಯ ಚರಂಡಿ ಕಟ್ಟಿ ಮೊಣಕಾಲುದ್ದ ಕೊಳಚೆ ನಿಂತಾಗ, ಕೆಲಸದವರು ಚೀಲಗಟ್ಟಲೆ ಡಬ್ಬಿ ಎಳೆದು ಹಾಕಿದ್ದರು. ಅರ್ಧಕ್ಕರ್ಧ ನಮ್ಮವೇ. ನಾಲ್ಕನೇ ತಾರೀಖು ಬುಧವಾರ ನಗರಸಭೆಯ ಕನ್ನಡಕದ ಇನ್ಸ್‌ಪೆಕ್ಟರ್ ಬಂದರು. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ಎರಡು ಕಟ್ಟು ಡಬ್ಬಿ ಒಯ್ದು, ಇನ್ನೊಮ್ಮೆ ಕಂಡರೆ ಲೈಸೆನ್ಸ್ ರದ್ದು ಎಂದು ಬರೆಸಿ ಸಹಿ ಹಾಕಿಸಿಕೊಂಡರು. ಪಾರ್ಸೆಲ್ ಬೇಕಾದವರು ಪಾತ್ರೆ ತರಬೇಕು ಎಂದು ನಾನೇ ಬೋರ್ಡು ಬರೆದು ಕಿಟಕಿಗೆ ನೇತುಹಾಕಿದೆ. ಎಲ್ಲರೂ ತಂದರು. ಆದರೆ ಸೊಸೆಯ ಎದುರು ಪಾತ್ರೆ ಒಡ್ಡಿ ನಿಲ್ಲುವುದು ಮಾವನವರ ಕೈಯಲ್ಲಿ ಆಗುವ ಕೆಲಸವೆ? ಗುರುವಾರ ಬರಿಗೈಯಲ್ಲಿ ಬಂದು ನಿಂತರು. ಕಾಗದದ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಗಂಜಿಯ ಬಿಸಿಗೆ ತಳ ನೆನೆದು ಅವರ ಮೆಟ್ಟಿಲ ಮೇಲೇ ಕಳಚಿಕೊಂಡಿತಂತೆ. ಮೊಣಕಾಲೂರಿ ಒಂದೊಂದೇ ಮೆಟ್ಟಿಲು ಒರೆಸಿದರು, ಸಹಾಯಕ್ಕೆ ಹೋದವರನ್ನು ಗದರಿದರು ಎಂದು ಸೈಕಲ್ ಅಂಗಡಿಯವನು ಆಮೇಲೆ ಹೇಳಿದ.

ಶುಕ್ರವಾರ ನಾನು ಜಾಣತನ ಮಾಡಲು ಹೋದೆ. ಅವರು ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಹೋಗುತ್ತಿದ್ದಾಗಿನ ಊಟದ ಸ್ಟೀಲ್ ಡಬ್ಬಿ ಅಟ್ಟದಲ್ಲಿತ್ತು. ಅದು ಮನೆಯದಲ್ಲ, ಅವರದೇ, ಅದಕ್ಕೆ ಬೇಡ ಎನ್ನಲಾರರು ಎಂದುಕೊಂಡೆ. ಫಳಫಳ ಹೊಳೆಯುವಂತೆ ಉಜ್ಜಿ, ಗಂಜಿ ತುಂಬಿ ಕಟ್ಟೆಯ ಮೇಲಿಟ್ಟೆ. ಮೂವತ್ತು ವರ್ಷ ಅದನ್ನು ತುಂಬಿ ಕೊಟ್ಟವರು ಅತ್ತೆ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ. ಈ ಸಲ ನಾನು ತಿರುಗಿಕೊಳ್ಳದೆ ನೋಡುತ್ತ ನಿಂತಿದ್ದೆ. ಅವರು ಮುಚ್ಚಳದ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಆಮೇಲೆ ಚಿಲ್ಲರೆಯನ್ನು ಮಾತ್ರ ಇಟ್ಟು, ಡಬ್ಬಿ ಬಿಟ್ಟು ಹೋದರು.

ಹೋದ ಶನಿವಾರ ಅವರು ಬರಲಿಲ್ಲ. ಇನ್ಸ್‌ಪೆಕ್ಟರ್ ಕಣ್ಣಿಗೆ ಬೀಳದಂತೆ ನಾನು ಬಚ್ಚಿಟ್ಟಿದ್ದ ಒಂದು ಕಟ್ಟು ಥರ್ಮೊಕೋಲ್ ಡಬ್ಬಿ ಅಕ್ಕಿ ಚೀಲದ ಹಿಂದೆಯೇ ಇತ್ತು. ಒಂದನ್ನು ಕೈಗೆತ್ತಿಕೊಂಡೆ ಕೂಡ. ಅವರ ಕೋಣೆಗೆ ನಾನೇ ಒಯ್ದಿಟ್ಟು ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಲೈಸೆನ್ಸ್ ಹೋದರೆ ಪುಟ್ಟಿಯ ಗತಿಯೇನು ಎಂದು ಹೆದರಿದೆ. ಸುಳ್ಳು ಹೇಳುವುದಿಲ್ಲ, ಹೆದರಿಕೆಗಿಂತ ಸಿಟ್ಟೇ ಹೆಚ್ಚಿತ್ತು. ಎರಡು ವರ್ಷ ಮುಖ ತಪ್ಪಿಸಿ ತುತ್ತು ಕೊಟ್ಟದ್ದು ಸಾಲದೆ, ಇನ್ನೆಷ್ಟು ತಗ್ಗಬೇಕು, ಹಸಿವಾದರೆ ತಾವೇ ಬರುತ್ತಾರೆ ಎಂದುಕೊಂಡು ಡಬ್ಬಿಯನ್ನು ವಾಪಸು ಇಟ್ಟೆ. ಭಾನುವಾರ ಹೋಗದಿದ್ದದ್ದಕ್ಕೆ ಒಂದು ನೆಪ, ಸೋಮವಾರಕ್ಕೆ ಇನ್ನೊಂದು. ಹೀಗೆ ಐದು ದಿನ. ನನ್ನ ಒಲೆಯ ಅಡುಗೆ ವಾಸನೆ ಬಡಿಯುವಷ್ಟು ಹತ್ತಿರದಲ್ಲಿ ಒಬ್ಬ ಮುದುಕರು ನಲ್ಲಿ ನೀರು, ಬಿಸ್ಕತ್ತಿನ ಪುಡಿಯಲ್ಲಿ ದಿನ ದೂಡಿದರು. ಮೊನ್ನೆ ಗುರುವಾರ ಬೆಳಿಗ್ಗೆ ಸೈಕಲ್ ಅಂಗಡಿಯವನು ಓಡಿ ಬಂದ. ನೆಲದ ಮೇಲೆ ಬಿದ್ದಿದ್ದರು. ಯಾವಾಗ ಬಿದ್ದರೋ ದೇವರಿಗೇ ಗೊತ್ತು. ಎತ್ತಿದರೆ ಪುಟ್ಟಿಯಷ್ಟೂ ಭಾರವಿರಲಿಲ್ಲ.

ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿದೆ ಎನ್ನುತ್ತಾರೆ ಡಾಕ್ಟರ್. ಮೊದಲೇ ಸೊರಗಿತ್ತಂತೆ, ಉಪವಾಸ ಅದನ್ನು ಪೂರ್ತಿ ಕೆಡಿಸಿತು. ಆಸ್ಪತ್ರೆಯ ಬಟ್ಟಲಿನಲ್ಲಿ ನರ್ಸ್ ಗಂಜಿ ಕುಡಿಸಿದರೆ ಎರಡು ಚಮಚ ನುಂಗುತ್ತಾರೆ, ನಾನು ಚಮಚ ಹಿಡಿದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ.  ಅದು ನಾನೇ ಸಂಪಾದಿಸಿದ್ದು, ಬಿಡಿ. ಅತ್ತೆಯ ವಿಷಯದಲ್ಲಿ ನೀವು ಸರಿಯೋ ಅವರು ಸರಿಯೋ ಎಂದು ಈ ಬೆಂಚಿನ ಮೇಲೆ ಕೂತು ಬಹಳ ಯೋಚಿಸಿದೆ. ಅತ್ತೆ ಕಾಯಿಲೆ ಬಿದ್ದಾಗ ಇವತ್ತು ಬೇಡ, ನಾಳೆ ಡಾಕ್ಟರ ಹತ್ತಿರ ಹೋದರಾಯಿತು ಎಂದು ಅವರು ಐದಾರು ದಿನ ತಳ್ಳಿದ್ದು ನಿಜ. ನಾನು ತಳ್ಳಿದ್ದೂ ಅಷ್ಟೇ ದಿನ. ಅವರನ್ನು ಕೊಲೆಗಾರ ಎನ್ನುವುದಾದರೆ ನನ್ನನ್ನೂ ಹಾಗೆಯೇ ಕರೆಯಬೇಕು. ಕರೆಯುವುದಾದರೆ ಕರೆಯಿರಿ, ನಾನು ಎದುರಾಡುವುದಿಲ್ಲ. ಬರುವುದು ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಒತ್ತಾಯ ಮಾಡುವ ಮುಖ ನನಗಿಲ್ಲ.

ಸಾಮಾನಿನ ಲಾರಿ ಇವತ್ತು ಸಂಜೆ ನಿಮ್ಮ ಕ್ಯಾಂಪಿಗೆ ಹೊರಡುತ್ತದೆ. ಡ್ರೈವರ್ ಕೈಯಲ್ಲಿ ಇದನ್ನೂ ಕೆಮ್ಮಿನ ಔಷಧಿಯನ್ನೂ ಕಳಿಸುತ್ತಿದ್ದೇನೆ, ಸೋಮವಾರ ಮುಟ್ಟುತ್ತದೆ. ಔಷಧಿಯನ್ನು ಹೊತ್ತು ಹೊತ್ತಿಗೆ ಕುಡಿಯಿರಿ. ಹಲ್ಲಿಲ್ಲದಿದ್ದರೆ ಅಪ್ಪ ನನ್ನ ಗುರುತು ಹಿಡೀತಾರಾ ಎಂದು ಪುಟ್ಟಿ ಕೇಳಿದ್ದಾಳೆ. ಜೋಪಾನವಾಗಿರಿ.

ನಿಮ್ಮವಳು

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ನರ್ಸ್ ಕರೆದರು. ಮಾವನವರು ಕಣ್ಣು ಬಿಟ್ಟಿದ್ದರು. ನನ್ನ ಕೈಯಲ್ಲಿ ಈ ಕಾಗದ ನೋಡಿ "ಅವನು ಬರೆದಿದ್ದಾನಾ?" ಎಂದು ಕೇಳಿದರು. ಎರಡು ವರ್ಷದಲ್ಲಿ ನನ್ನ ಹತ್ತಿರ ಆಡಿದ ಮೊದಲ ಮಾತು.  ಹೂಂ ಎಂದೆ. ಓದು ಎಂದರು. ಇದೇ ಹಾಳೆಗಳನ್ನು ಮುಖಕ್ಕೆ ಅಡ್ಡ ಹಿಡಿದು, ನೀವು ಬರೆಯದ ಪತ್ರ ಓದಿದೆ. ಅವತ್ತು ಆಡಿದ ಮಾತು ತಪ್ಪಾಯಿತು ಅಪ್ಪಾ ಎಂದು ಓದಿದೆ. ಬುಧವಾರ ಬರುತ್ತೇನೆ ಎಂದೂ ಬಾಯಿಗೆ ಬಂದುಬಿಟ್ಟಿತು. ಇನ್ನೊಂದು ಸಲ ಓದಿಸಿಕೊಂಡರು. ಬುಧವಾರದವರೆಗೆ ಡಾಕ್ಟರ್ ಭರವಸೆ ಕೊಡುತ್ತಿಲ್ಲ. ಕೆಳಗೆ ಲಾರಿಯವನು ಹಾರ್ನ್ ಹಾಕುತ್ತಿದ್ದಾನೆ. ಅವರಿಗೆ ನಿಮ್ಮ ಪತ್ರ ತಲುಪಿದೆ. ಬುಧವಾರ ಬನ್ನಿ.