ಕಾರು ಹತ್ತದ ಹುಡುಗಿ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಎರಡು ಕಾಗದಗಳೂ ಕೈ ಸೇರಿವೆ. ಮೊದಲನೆಯದಕ್ಕೆ ಉತ್ತರ ಬರೆಯದೇ ಇದ್ದದ್ದು ಸೋಮಾರಿತನ. ಎರಡನೆಯದಕ್ಕೆ ಬರೆಯದೇ ಇದ್ದದ್ದು ಹೇಡಿತನ. ಅದರಲ್ಲಿ ನೀನು, "ಗಡಿಯಾರದವನು ಯಾಕೋ ಫೋನೇ ಮಾಡಲ್ಲ, ಹುಷಾರಾಗಿದಾನಾ?" ಎಂದು ಕೇಳಿದ್ದೆ. ಆ ಒಂದು ಸಾಲಿಗೆ ಉತ್ತರ ಕೊಡಬೇಕಾದರೆ ಇಷ್ಟು ಹಾಳೆ ಬೇಕು. ಕ್ಷಮಿಸಿಬಿಡು, ಕನ್ನಡಕ ಒರೆಸಿಕೊಂಡು ಕೂತುಕೋ.

ಮೊದಲು ಮನೆಯ ಸುದ್ದಿ. ನಿನ್ನ ನಾದಿನಿಗೆ ಮಂಡಿ ನೋವು, ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ಮೂರನೇ ವ್ಯಾನಿಗೆ ಹೊಸ ಡ್ರೈವರ್ ಸಿಕ್ಕಿದ್ದಾನೆ. ಗಾಡಿಯನ್ನು ಬ್ರೇಕಿಗಿಂತ ಹೆಚ್ಚಾಗಿ ಹಾರ್ನಿನಲ್ಲೇ ನಿಲ್ಲಿಸುತ್ತಾನೆ. ಮಕ್ಕಳ ಓಟದ ಕ್ಲಬ್ಬಿಗೆ ಈ ವರ್ಷವೂ ನಾನೇ ಅಧ್ಯಕ್ಷ. ಯೋಗ್ಯತೆ ನೋಡಿ ಕೊಟ್ಟ ಪದವಿಯಲ್ಲ ಅದು, ವ್ಯಾನು ನೋಡಿ ಕೊಟ್ಟದ್ದು. ಮಕ್ಕಳನ್ನು ಪಂದ್ಯಗಳಿಗೆ ಸಾಗಿಸುವವನು ಒಬ್ಬ ಬೇಕಲ್ಲ.

ಹೋದ ವರ್ಷ ಮೇಲಿನ ಸಂಘದಿಂದ ಒಂದು ಆದೇಶ ಬಂತು. ಮಕ್ಕಳ ಸುರಕ್ಷತೆ ನೋಡಿಕೊಳ್ಳಲು ಪ್ರತಿ ಕ್ಲಬ್ಬಿನಲ್ಲೂ ಒಬ್ಬರು ಇರಲೇಬೇಕಂತೆ. ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವ ನರ್ಸಮ್ಮನನ್ನು ಹಿಡಿದು ಕೂರಿಸಿದೆವು. ಅವಳು ಬಟ್ಟೆ ಬದಲಾಯಿಸುವ ಕೋಣೆಯ ಹೊರಗೋಡೆಗೆ ಒಂದು ಬೋರ್ಡು ಹಾಕಿಸಿದಳು. ಮಗುವೊಂದು ಒಬ್ಬರೇ ದೊಡ್ಡವರ ಜೊತೆ ಮುಚ್ಚಿದ ಜಾಗದಲ್ಲಿ ಇರಕೂಡದು, ಕೋಣೆಯಾದರೂ ಸರಿ, ಕಾರಾದರೂ ಸರಿ. ಕ್ಲಬ್ಬಿನ ಪರಿಚಯದ ದೊಡ್ಡವರು ಇನ್ನೊಬ್ಬರು ಜೊತೆಗಿರಲೇಬೇಕು. ವ್ಯಾನಿನ ವಿಮೆ ಕಾಗದಕ್ಕೆ ಹಾಕುವ ಹಾಗೆ ನಾನು ಓದದೇ ಸಹಿ ಹಾಕಿದೆ.

ನಮ್ಮ ಗಡಿಯಾರದವನು ಬೋರ್ಡು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ಮೇಲೆ ಮಕ್ಕಳಿಗೆ ನೀರು ಕೊಡೋಕೂ ಇಬ್ಬರು ಸಾಕ್ಷಿ ಬೇಕೇನೋ?" ಅಂದ. ನಾನೂ ನಕ್ಕೆ. ಅವನು ತಮಾಷೆ ಮಾಡಿದಾಗ ನಾನು ನಗುವುದು ಇವತ್ತಿನ ಅಭ್ಯಾಸವಲ್ಲ ಎಂದು ನಿನಗೆ ಗೊತ್ತು. ನನ್ನ ಮೊದಲ ವ್ಯಾನು ನಿಲ್ಲುತ್ತಿದ್ದದ್ದೇ ಅವನ ವಾಚ್ ರಿಪೇರಿ ಅಂಗಡಿಯ ಮುಂದೆ. ನಿನ್ನ ಕೈಯ ಊಟ ಉಂಡು, "ಇವನು ನನ್ನ ಎರಡನೇ ತಮ್ಮ" ಎಂದು ನಿನ್ನಿಂದಲೇ ಅನ್ನಿಸಿಕೊಂಡವನು. ಕ್ಲಬ್ಬು ಹುಟ್ಟಿದಾಗಿನಿಂದ ಓಟದ ಸಮಯ ಹಿಡಿಯುವ ಕೆಲಸ ಅವನದೇ. ಅವನ ವಾಚು ಹೇಳಿದ್ದನ್ನು ಯಾರೂ ಎರಡನೇ ಸಲ ಕೇಳಿದವರಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ಕಳೆದ ತಿಂಗಳು ದೊಡ್ಡ ಕ್ರೀಡಾಂಗಣದಲ್ಲಿ ಆಯ್ಕೆ ಪಂದ್ಯ ಇತ್ತು. ಬೆಳಿಗ್ಗೆ ವ್ಯಾನು ಮಕ್ಕಳನ್ನು ತುಂಬಿಕೊಂಡು ಹೊರಟಿತು, ನಾನು ಹಿಂದೆ ಕಾರಿನಲ್ಲಿ. ಅರ್ಧ ದಾರಿಯಲ್ಲಿ ತಿಳಿಯಿತು, ಮಕ್ಕಳ ಎದೆಗೆ ಚುಚ್ಚುವ ನಂಬರುಗಳ ಡಬ್ಬಿ ಕ್ಲಬ್ಬಿನಲ್ಲೇ ಉಳಿದಿದೆ. ಬೈದುಕೊಂಡು ವಾಪಸು ಬಂದರೆ, ಬೀಗ ಹಾಕಿದ ಗೇಟಿನ ಮುಂದೆ ಕೊಕ್ಕರೆ ನಿಂತಿದ್ದಾಳೆ.

ಕೊಕ್ಕರೆ ಎಂದರೆ ನಮ್ಮ ಎಂಟುನೂರು ಮೀಟರಿನ ಹುಡುಗಿ. ಹದಿನಾಲ್ಕು ವರ್ಷ, ಮೈಯೆಲ್ಲ ಕಾಲು. ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ಅವತ್ತು ಪಾಳಿ ಬದಲಾಗಿ, ತಮ್ಮನನ್ನು ಪಕ್ಕದ ಮನೆಗೆ ಬಿಟ್ಟು ಬರುವಷ್ಟರಲ್ಲಿ ಹುಡುಗಿಗೆ ವ್ಯಾನು ತಪ್ಪಿದೆ. ವರ್ಷವಿಡೀ ಓಡಿದ್ದು ಆ ಒಂದು ದಿನಕ್ಕೆ. ಅವತ್ತು ಆಯ್ಕೆಯಾದರೆ ಕ್ರೀಡಾ ಹಾಸ್ಟೆಲ್ಲು, ಅಲ್ಲೇ ಓದು, ಊಟ, ಎಲ್ಲ. ಆಗದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು.

ನಾನು ಡಬ್ಬಿ ತಂದು ಸೀಟಿನ ಮೇಲೆ ಎಸೆದು, ಬಾಗಿಲು ತೆಗೆದು, "ಹತ್ತಮ್ಮ, ಬೇಗ!" ಅಂದೆ.

ಅವಳು ಅಲುಗಾಡಲಿಲ್ಲ.

"ಬೇಡ ಅಜ್ಜ. ಇನ್ನೊಬ್ಬರು ಯಾರಾದ್ರೂ ಬೇಕು."

"ಏನು ಇನ್ನೊಬ್ಬರು?"

"ನೀವೇ ಸಹಿ ಹಾಕಿದೀರಲ್ಲ, ಬೋರ್ಡಿಗೆ."

ಅಕ್ಕ, ಸುಳ್ಳು ಹೇಳುವುದಿಲ್ಲ, ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಈ ತಲೆ ನರೆತದ್ದು ಹೀಗೆ ಅನ್ನಿಸಿಕೊಳ್ಳುವುದಕ್ಕಾ? "ನನ್ನ ನೋಡಿದ್ರೆ ನಿಂಗೆ ಭಯವಾ?" ಎಂದು ಜೋರಾಗಿಯೇ ಕೇಳಿದೆ.

"ಇಲ್ಲ ಅಜ್ಜ. ನೀವು ಒಳ್ಳೆಯವರು ಅಂತ ಗೊತ್ತು."

"ಮತ್ತೆ?"

ಅವಳು ಸ್ವಲ್ಪ ಯೋಚಿಸಿದಳು. ಕಣ್ಣು ನನ್ನ ಕಣ್ಣಲ್ಲೇ ಇತ್ತು. "ಒಳ್ಳೆಯವರ ಕಾರು ಹತ್ತಬಹುದು, ಕೆಟ್ಟವರ ಕಾರು ಹತ್ತಬಾರದು ಅಂತಾದ್ರೆ, ನಾವು ಹತ್ತಲ್ಲ ಅಂದ ಕೂಡಲೇ ಅವರನ್ನ ಕೆಟ್ಟವರು ಅಂದ ಹಾಗಾಗುತ್ತೆ. ಆಮೇಲೆ ಸಣ್ಣ ಮಕ್ಕಳು ಯಾರಿಗೂ ಹತ್ತಲ್ಲ ಅನ್ನೋಕೇ ಆಗಲ್ಲ. ಎಲ್ಲರಿಗೂ ಒಂದೇ ಅಂತಿದ್ರೆ ಯಾರಿಗೂ ಅವಮಾನ ಇಲ್ಲ, ಅಲ್ವಾ?"

ನಾನು ಮಾತಿನಲ್ಲೇ ಬದುಕು ಕಟ್ಟಿದವನು. ಸಾಲ ಕೊಡಲ್ಲ ಅಂದ ಬ್ಯಾಂಕಿನವನನ್ನು ಮಾತಿನಲ್ಲೇ ಬಗ್ಗಿಸಿದವನು. ಆ ಬೆಳಿಗ್ಗೆ ಗೇಟಿನ ಮುಂದೆ ಕಾರಿನ ಬಾಗಿಲು ಹಿಡಿದುಕೊಂಡು ಬಾಯಿ ತೆರೆದು ನಿಂತೆ. ಲೆಕ್ಕ ಹಾಕಿ ನೋಡು: ಕಳೆದುಕೊಳ್ಳುವುದಕ್ಕೆ ಇಡೀ ವರ್ಷ ಇದ್ದದ್ದು ಅವಳಿಗೆ. ನೋಡುವವರು ಯಾರೂ ಇರಲಿಲ್ಲ. ಅಡ್ಡ ಬರುತ್ತಿದ್ದದ್ದು ಗೋಡೆಯ ಮೇಲಿನ ಒಂದು ಸಾಲು, ಅದನ್ನು ಬರೆಸಿದ ನಾವೇ ನಂಬಿರಲಿಲ್ಲ. ಆ ಕೋಲು ಕಾಲಿನ ಹುಡುಗಿ ಅದನ್ನು ನಂಬಿ ನಿಂತಿದ್ದಳು.

ಅವಳ ತಾಯಿಗೆ ಫೋನು ಮಾಡಿದರೆ ಎತ್ತಲಿಲ್ಲ, ಯಂತ್ರಗಳ ಸದ್ದಿನಲ್ಲಿ ಎಲ್ಲಿ ಕೇಳಿಸಬೇಕು. ಎದುರಿಗೆ ಕ್ಷೌರದ ಅಂಗಡಿ ತೆರೆದಿತ್ತು. ಅಲ್ಲಿಯ ಕ್ಷೌರಿಕ ನಮ್ಮ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು, ನರ್ಸಮ್ಮ ಒಪ್ಪಿದ ಸ್ವಯಂಸೇವಕ. ಓಡಿ ಹೋಗಿ ಅವನ ಕೈ ಹಿಡಿದೆಳೆದೆ. ಕುರ್ಚಿಯಲ್ಲಿ ಇದ್ದ ಗಿರಾಕಿಯ ಒಂದು ಕೆನ್ನೆ ಬೋಳು, ಇನ್ನೊಂದು ಕೆನ್ನೆಯ ತುಂಬ ನೊರೆ.

"ಯಜಮಾನ್ರೇ, ಅರ್ಧ ಗಡ್ಡ ಬಿಟ್ಟು ಹೆಂಗ್ರೀ ಬರ್ಲಿ?" ಎಂದ ಕ್ಷೌರಿಕ.

"ಏನು, ನನ್ನನ್ನ ಹೀಗೇ ಬಿಟ್ಟು ಹೋಗ್ತೀಯಾ?" ಗಿರಾಕಿ ಎದ್ದೇ ನಿಂತ. "ನಾನೂ ಬರ್ತೀನಿ. ಉಳಿದ ಅರ್ಧ ಎಲ್ಲಿ ತೆಗೀತೀಯೋ ಅಲ್ಲೇ ತೆಗಿ!"

ಹಾಗೆ ನಾವು ಹೊರಟೆವು. ಮುಂದೆ ನಾನು ಮತ್ತು ನೊರೆಯ ಗಿರಾಕಿ, ಹಿಂದೆ ಕೈಯಲ್ಲಿ ಬ್ರಷ್ಷು ಹಿಡಿದ ಕ್ಷೌರಿಕ, ಅವನ ಪಕ್ಕದಲ್ಲಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ ಕೊಕ್ಕರೆ. ಸಿಗ್ನಲ್ಲಿನಲ್ಲಿ ಪಕ್ಕದ ಬಸ್ಸಿನವರು ನಮ್ಮನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಗಿರಾಕಿ ಮಾತ್ರ ಗಂಭೀರವಾಗಿ, "ಹುಡುಗಿ ಮಾಡಿದ್ದು ಸರಿ. ನನಗೂ ಇಬ್ಬರು ಹೆಣ್ಣುಮಕ್ಕಳು," ಎಂದ. ನೊರೆ ಗದ್ದದಿಂದ ಇಳಿದು ಅಂಗಿಯ ಮೇಲೆ ಬೀಳುತ್ತಿತ್ತು.

ತಲುಪಿದೆವು, ಆದರೆ ತಡವಾಗಿತ್ತು. ಮೈ ಬಿಸಿ ಮಾಡಿಕೊಳ್ಳಲೂ ಸಮಯವಿಲ್ಲದೆ ಅವಳು ನೇರ ಗೆರೆಯ ಮೇಲೆ ಹೋಗಿ ನಿಂತಳು. ಐದನೆಯವಳಾಗಿ ಬಂದಳು. ಮೊದಲ ಮೂವರಿಗೆ ಮಾತ್ರ ಆಯ್ಕೆ. ಗೆರೆ ದಾಟಿ ಹುಲ್ಲಿನ ಮೇಲೆ ಮಕಾಡೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ನಾನು ಹತ್ತಿರ ಹೋಗಿ, "ಬೇಜಾರಾಯ್ತಾ ಮಗಳೇ?" ಎಂದು ಕೇಳಿದೆ. ಎಂಥ ಪೆದ್ದ ಪ್ರಶ್ನೆ. "ಆಯ್ತು," ಎಂದಳು. ಆಮೇಲೆ ಎದ್ದು ಮೂಗು ಒರೆಸಿಕೊಂಡು, "ಆದ್ರೂ ಒಬ್ಬಳೇ ಹತ್ತುತ್ತಿರಲಿಲ್ಲ ಅಜ್ಜ," ಎಂದಳು. ಆಗ ನಾನು ನನ್ನ ಟೋಪಿ ತೆಗೆದೆ. ಯಾಕೆ ತೆಗೆದೆ ಎಂದು ಈಗಲೂ ಗೊತ್ತಿಲ್ಲ. ಕೈ ತಾನಾಗಿ ಹೋಯಿತು.

ಇಲ್ಲಿಗೇ ಮುಗಿದಿದ್ದರೆ ನಿನಗೊಂದು ತಮಾಷೆಯ ಕಾಗದ ಯಾವತ್ತೋ ಬಂದಿರುತ್ತಿತ್ತು.

ಈ ಸುದ್ದಿ ಮಕ್ಕಳೆಲ್ಲರ ಬಾಯಿಗೆ ಬಿತ್ತು. ನಮ್ಮಲ್ಲಿ ಒಂದು ಪುಟ್ಟ ಹುಡುಗಿ ಇದ್ದಾಳೆ, ಹರ್ಡಲ್ಸ್ ಹಾರುವವಳು, ಗುಂಡುಸೂಜಿ ಎಂದು ಎಲ್ಲರೂ ಕರೆಯುತ್ತೇವೆ. ಅವಳು ಅಭ್ಯಾಸ ಮುಗಿದ ಮೇಲೆ ಕೊಕ್ಕರೆಯ ಹಿಂದೆ ಬಿದ್ದಳಂತೆ.

"ಅಧ್ಯಕ್ಷರಿಗೇ ಹತ್ತಲ್ಲ ಅಂದ್ಯಾ ಅಕ್ಕ?"

"ಹೂಂ."

"ಬೈದ್ರಾ?"

"ಮುಖ ಕೆಂಪಗೆ ಮಾಡ್ಕೊಂಡ್ರು. ಬೈಲಿಲ್ಲ."

"ಕ್ಲಬ್ಬಿಂದ ತೆಗೆದ್ರಾ?"

"ಇಲ್ಲವಲ್ಲ, ಇಲ್ಲೇ ಇದೀನಲ್ಲ."

ಗುಂಡುಸೂಜಿ ಅಷ್ಟು ಕೇಳಿಕೊಂಡು ಹೋದಳು. ಕೆಲವು ದಿನ ಬಿಟ್ಟು ಕೊಕ್ಕರೆಯ ಕೈ ಹಿಡಿದುಕೊಂಡು ನರ್ಸಮ್ಮನ ಹತ್ತಿರ ಬಂದಳು. ಬಾಯಿ ಬಿಟ್ಟಳು.

ನರ್ಸಮ್ಮ ಮಾರನೇ ದಿನ ನನ್ನ ಆಫೀಸಿಗೆ ಬಂದಳು. ಕೂರು ಅಂದರೂ ಕೂರಲಿಲ್ಲ. ಎಷ್ಟು ಬೇಕೋ ಅಷ್ಟೇ ಹೇಳಿದಳು. ಸಮಯ ಹಿಡಿಯುವ ಅಂಕಲ್ ಸಂಜೆ ಮನೆಗೆ ಬಿಡುತ್ತೇನೆಂದು ಆ ಮಗುವನ್ನು ಒಂಟಿಯಾಗಿ ಕಾರಿನಲ್ಲಿ ಕರೆದೊಯ್ಯುತ್ತಾರೆ. ಸುತ್ತು ದಾರಿ ಹಿಡಿಯುತ್ತಾರೆ. ಕೈ ಹಿಡಿದುಕೊಂಡರೆ ಬಿಡಿ ಅಂದರೂ ಬಿಡುವುದಿಲ್ಲ. ಹೊಸ ಶೂ ಕೊಡಿಸಿ, ಇದು ನಮ್ಮಿಬ್ಬರ ಗುಟ್ಟು, ಮನೆಯಲ್ಲಿ ಹೇಳಬೇಡ ಎಂದಿದ್ದಾರೆ.

ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ? "ತಾಳಮ್ಮ, ಅವನ ಜೊತೆ ಒಂದು ಕಪ್ ಟೀ ಕುಡಿದು ಕೇಳಿ ಬರ್ತೀನಿ. ಏನೋ ತಪ್ಪು ತಿಳುವಳಿಕೆ ಇರ್ಬೇಕು." ಎಲ್ಲ ವ್ಯವಹಾರವನ್ನೂ ಟೀ ಕುಡಿದೇ ಬಗೆಹರಿಸಿದವನಲ್ಲವಾ ನಾನು.

"ನೀವು ಕೇಳಿದ್ರೆ ಅದು ವಿಚಾರಣೆ ಆಗಲ್ಲ ಸಾರ್, ಮುನ್ಸೂಚನೆ ಆಗುತ್ತೆ," ಎಂದಳು. "ಮಗು ಹೇಳಿದ್ದನ್ನ ಅದರ ಮಾತಲ್ಲೇ ಬರ್ಕೊಂಡಿದೀನಿ. ಅದರ ತಾಯಿಗೆ ಹೇಳಿದೀನಿ. ಮಕ್ಕಳ ರಕ್ಷಣಾ ಕಚೇರಿಗೆ ಬೆಳಿಗ್ಗೆನೇ ತಿಳಿಸಿದೀನಿ. ನಿಮಗೆ ಹೇಳ್ತಿರೋದು ಸಲಹೆ ಕೇಳೋಕಲ್ಲ, ಗೇಟು ಮುಚ್ಚೋಕೆ."

ಹಲ್ಲು ಕೀಳುವವರ ಹತ್ತಿರ ಕೆಲಸ ಮಾಡಿ ಕಲಿತದ್ದೋ ಏನೋ, ಮಾತಿನಲ್ಲಿ ಒಂದು ಚೂರೂ ಅಲುಗಾಟವಿಲ್ಲ.

ಕಚೇರಿಯವರು ಹೇಳಿದ ಮೇಲೆ ಅವನಿಗೆ ಪತ್ರ ಕಳಿಸಿದೆವು: ವಿಚಾರಣೆ ಮುಗಿಯುವವರೆಗೆ ಕ್ಲಬ್ಬಿಗೆ ಬರುವಂತಿಲ್ಲ. ಅದೇ ಸಂಜೆ ಅವನು ಗೇಟಿಗೆ ಬಂದ. ಒಳಗೆ ಮಕ್ಕಳು ಓಡುತ್ತಿದ್ದರು. ನಾನು ಗೇಟಿನ ಈಚೆ ನಿಂತೆ. ನರ್ಸಮ್ಮ ನನ್ನ ಪಕ್ಕದಲ್ಲಿ.

"ಏನೋ, ನನ್ನನ್ನೇ ಹೊರಗೆ ನಿಲ್ಲಿಸ್ತೀಯಾ?" ಎಂದ.

"ವಿಚಾರಣೆ ಮುಗೀಲಿ."

"ಯಾವುದೋ ಚಿಳ್ಳೆಪಿಳ್ಳೆ ಮಾತು ಕಟ್ಕೊಂಡು? ನೀನು ನನ್ನ ಎಷ್ಟು ವರ್ಷದಿಂದ ನೋಡಿದೀಯೋ?"

ಅಕ್ಕ, ಆಗ ಬಾಯಿಗೆ ಬಂದದ್ದು ಕೊಕ್ಕರೆಯ ಮಾತೇ. "ಎಲ್ಲರಿಗೂ ಒಂದೇ ನಿಯಮ ಕಣೋ. ನನ್ನನ್ನೂ ಒಂದು ಮಗು ಹೊರಗೇ ನಿಲ್ಲಿಸಿತ್ತು. ನಾನು ಹೋಗಿ ಇನ್ನೊಬ್ಬರನ್ನ ಕರ್ಕೊಂಡು ಬಂದೆ. ನೀನು ಯಾಕೆ ಕರೀಲಿಲ್ಲ?"

ಅವನು ತಿರುಗಿ ಹೋದ.

ಈಗ ಕೇಸು ಪೊಲೀಸರ ಹತ್ತಿರ ಇದೆ. ಇನ್ನೂ ಎರಡು ಮನೆಯವರು ಬಂದು ಮಾತಾಡಿದ್ದಾರೆ. ಗುಂಡುಸೂಜಿ ಒಂದು ವಾರ ಬರಲಿಲ್ಲ, ಆಮೇಲೆ ಬಂದಳು. ತಾಯಿ ಕಟ್ಟೆಯ ಮೇಲೆ ಕೂತು ಕಾಯುತ್ತಾಳೆ, ಮಗು ಹಾರುತ್ತದೆ. ಮೊನ್ನೆ ಒಂದು ಹರ್ಡಲ್ ಬೀಳಿಸಿ, ತಾನೇ ಎತ್ತಿ ನಿಲ್ಲಿಸಿ, ಮತ್ತೆ ಹಿಂದೆ ಹೋಗಿ ಓಡಿ ಬಂದಳು. ನಾನು ಕೈಯಲ್ಲಿದ್ದ ಟೀ ತಣ್ಣಗಾಗುವವರೆಗೆ ನೋಡುತ್ತ ನಿಂತೆ. ಇಷ್ಟು ಚಿಕ್ಕ ದೇಹದಲ್ಲಿ ಇಷ್ಟೊಂದು ಧೈರ್ಯ ಎಲ್ಲಿ ಹಿಡಿಸುತ್ತದೆ, ಹೇಳು. ನನ್ನ ವ್ಯಾನಿಗಾದರೆ ಇಂತಿಷ್ಟೇ ಭಾರ ಎಂದು ಬರೆದಿರುತ್ತದೆ.

ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಅವರು "ಬೇಡ" ಅಂದಾಗ ಒಂದು ಕ್ಷಣ ನಿಂತು ಕೇಳಿ ಎಂದು ಅವರ ಅಪ್ಪ ಅಮ್ಮನಿಗೆ ಹೇಳು. ಭಾವನಿಗೆ ನಮಸ್ಕಾರ, ಕೆಮ್ಮಿಗೆ ಔಷಧಿ ಮರೆಯಬಾರದಂತೆ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ಬಾಯಿಬಡುಕ ತಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಹೊಸ ಡ್ರೈವರ್ ವ್ಯಾನು ಹಿಂದೆ ತೆಗೆಯಲು ಹೋಗಿ, ಇನ್ಸ್‌ಪೆಕ್ಟರನ ಸ್ಕೂಟರಿಗೆ ಗುದ್ದಿ, ಅವನಿಗೇ "ಕಣ್ಣು ಕಾಣಲ್ವೇನ್ರೀ?" ಎಂದು ಬೈದ. ನಾನು ನಗುತ್ತ ನಗುತ್ತ ಫೋನು ತೆಗೆದು ಗಡಿಯಾರದವನ ನಂಬರು ಒತ್ತಲು ಹೋಗಿದ್ದೆ. ಆ ಮಗುವಿನ ಮಾತನ್ನು ನಾನು ಪೂರ್ತಿ ನಂಬಿದ್ದೇನೆ ಅಕ್ಕ, ಅದರಲ್ಲಿ ಸಂದೇಹವಿಲ್ಲ. ಆದರೂ ಅವನು ಇಲ್ಲದ ಸಂಜೆ ನನಗೆ ಸಂಜೆ ಅನ್ನಿಸುವುದಿಲ್ಲ. ಇದನ್ನು ಮನೆಯಲ್ಲೂ ಹೇಳಿಲ್ಲ. ಗುಂಡುಸೂಜಿ ಎದುರು ಬಂದರೆ ನಾನು ತಲೆ ತಗ್ಗಿಸಿಬಿಡುತ್ತೇನೆ. ಅವನನ್ನು ನೆನೆಸಿಕೊಳ್ಳುತ್ತಿದ್ದೇನೆಂದು ಆ ಮಗುವಿಗೆ ನನ್ನ ಮುಖದಲ್ಲಿ ಕಂಡುಬಿಟ್ಟರೆ ಏನು ಮಾಡಲಿ?